ವರ್ಷದ ಓದಿನ ಲೆಕ್ಕ: ಏನನ್ನು ಎಣಿಸಬೇಕು, ಮುಂದಿನ ಪಟ್ಟಿ ಹೇಗೆ ಮಾಡಬೇಕು?

ಪುಟಗುರುತು

ಓದಿದ ಪುಸ್ತಕಗಳ ಪಟ್ಟಿ ಒಂದು ಸ್ಪ್ರೆಡ್‌ಶೀಟಿನಲ್ಲಿದೆ. ಕಾಲಂ ನಾಲ್ಕೇ: ಹೆಸರು, ಲೇಖಕರು, ಮುಗಿಸಿದ ದಿನಾಂಕ, ಪುಟ. ವರ್ಷದ ಕೊನೆಗೆ ಮೊತ್ತ ಹಾಕಿದರೆ ಒಂದು ಸಂಖ್ಯೆ ಬರುತ್ತೆ, ಅಷ್ಟೇ. ಅದನ್ನ ಇಟ್ಕೊಂಡು ಮುಂದೇನು ಓದಬೇಕು ಅಂತ ಮಾತ್ರ ಗೊತ್ತಾಗಲ್ಲ. ಕಪಾಟಲ್ಲಿ ಓದದೇ ಇರೋ ಪುಸ್ತಕಗಳ ಸಾಲು ಬೇರೆ ಬೆಳೀತಾ ಇದೆ.

ಮೂರು ಪ್ರಶ್ನೆ. ಲೆಕ್ಕದಲ್ಲಿ ನಿಜಕ್ಕೂ ನೋಡಬೇಕಾದ್ದು ಯಾವುದು? ಅರ್ಧಕ್ಕೆ ಬಿಟ್ಟಿದ್ದು, ಮರು ಓದು, ಕೇಳಿದ ಪುಸ್ತಕ, ಇವನ್ನೆಲ್ಲ ಹೇಗೆ ಎಣಿಸೋದು? ಮುಂದಿನ ವರ್ಷದ ಪಟ್ಟಿ ಎಷ್ಟುದ್ದ ಇರಬೇಕು?

"ಮನಸ್ಸಿಗೆ ಬಂದದ್ದು ಓದಿ" ಅನ್ನೋ ಉತ್ತರ ದಯವಿಟ್ಟು ಬೇಡ. ಅದನ್ನೇ ಮಾಡ್ತಾ ಇರೋದು.

ಅರ್ಧಕ್ಕೆ_ಬಿಟ್ಟವ

ಮನಸ್ಸಿಗೆ ಬಂದದ್ದು ಓದಿ.

ಕಾಲಂಕಾರ

ಮೇಲಿನವರು ಬಿಡಿ. ನಿಮ್ಮ ಶೀಟಲ್ಲಿ ಇರಬೇಕಾದ ಎರಡು ಕಾಲಂ ಇಲ್ಲ, ಅದಕ್ಕೇ ಅದು ಬಾಯಿ ಬಿಡ್ತಿಲ್ಲ.

ಒಂದು, ಶುರು ಮಾಡಿದ ದಿನಾಂಕ. ಮುಗಿಸಿದ ದಿನಾಂಕ ಒಂದೇ ಇದ್ರೆ ಎರಡು ದಿನದಲ್ಲಿ ಮುಗಿದ 200 ಪುಟದ್ದೂ ಎರಡು ತಿಂಗಳು ಎಳೆದಾಡಿದ 200 ಪುಟದ್ದೂ ಒಂದೇ ಥರ ಕಾಣುತ್ತೆ. ಎರಡೂ ದಿನಾಂಕ ಇದ್ರೆ ಕಳೆದು, ಬಂದ ದಿನಗಳಿಂದ ಪುಟವನ್ನ ಭಾಗಿಸಿ, ದಿನಕ್ಕೆ ಎಷ್ಟು ಪುಟ ಅಂತ ಬರುತ್ತೆ. ಆ ಕಾಲಮ್ಮನ್ನ ಇಳಿಕೆ ಕ್ರಮದಲ್ಲಿ ಜೋಡಿಸಿ, ಕೆಳಗಿನ ಐದು ಪುಸ್ತಕ ನೋಡಿ. ವರ್ಷ ಎಲ್ಲಿ ಸಿಕ್ಕಿಕೊಂಡಿತ್ತು ಅಂತ ಅಲ್ಲೇ ಗೊತ್ತಾಗುತ್ತೆ.

ಎರಡು, "ಯಾಕೆ ತಗೊಂಡೆ". ಇದನ್ನ ಪುಸ್ತಕ ಶುರು ಮಾಡೋ ದಿನವೇ ಬರೀಬೇಕು, ಮುಗಿಸಿದ ಮೇಲಲ್ಲ. ಮುಗಿಸಿದ ಮೇಲೆ ಬರೆದರೆ ಚೆನ್ನಾಗಿದ್ದ ಪುಸ್ತಕಕ್ಕೆಲ್ಲ "ಮೊದಲಿಂದ ಓದಬೇಕು ಅಂತಿತ್ತು" ಅಂತಲೇ ಬರೀತೀವಿ. ಐದು ಅಕ್ಷರ ಸಾಕು:

ಶಿ: ಯಾರೋ ಶಿಫಾರಸು ಮಾಡಿದ್ರು
ವಿ: ವಿಮರ್ಶೆ ಓದಿ ತಗೊಂಡಿದ್ದು
ಲೇ: ಅದೇ ಲೇಖಕರ ಇನ್ನೊಂದು ಪುಸ್ತಕ ಹಿಡಿಸಿತ್ತು
ಉ: ಬೇರೆ ಪುಸ್ತಕದಲ್ಲಿ ಉಲ್ಲೇಖ ಇತ್ತು
ಆ: ಆಕಸ್ಮಿಕ, ಕೈಗೆ ಸಿಕ್ತು

ವರ್ಷದ ಕೊನೆಗೆ ಪಿವಟ್ ಟೇಬಲ್ (ಗುಂಪು ಗುಂಪಾಗಿ ಎಣಿಸಿ ಕೊಡೋ ಕೋಷ್ಟಕ): ಅಡ್ಡಕ್ಕೆ ಈ ಐದು, ಉದ್ದಕ್ಕೆ ಮುಗೀತು / ಬಿಟ್ಟೆ / ನಿಲ್ಲಿಸಿದೆ. ಯಾವ ದಾರಿಯಿಂದ ಬಂದ ಪುಸ್ತಕ ಪದೇ ಪದೇ ಅರ್ಧಕ್ಕೆ ನಿಲ್ತಿದೆ ಅಂತ ತಿಳಿದ್ರೆ, ಮುಂದಿನ ವರ್ಷ ಆ ದಾರಿಗೆ ಗೇಟ್ ಹಾಕಬಹುದು.

ಬೆನ್ನುಡಿ

ಓದೋದು ಬಿಟ್ಟು ಆಡಿಟ್ ಮಾಡ್ತಾ ಕೂತ್ರಾ ಎಲ್ಲರೂ 😀

ಜವಾರಿ_ಓದು

ಅಲ್ರೀ ಕಾಲಂಕಾರ, ಪಿವಟ್ ಎಲ್ಲಾ ಛೊಲೊ ಅದ. ಆದ್ರ ವರ್ಷಕ್ಕ ಒಬ್ರು 30 ಪುಸ್ತಕ ಓದ್ತಾರಂತ ಇಟ್ಕೊಳ್ರಿ. ಐದು ಗುಂಪಿಗೆ ಹಂಚಿದ್ರ ಒಂದೊಂದ್ರಾಗ ಆರು ಬರ್ತಾವ. ಶಿಫಾರಸಿನಾಗ ಆರಕ್ಕ ನಾಲ್ಕು ಮುಗೀತು, ವಿಮರ್ಶಾದಾಗ ಆರಕ್ಕ ಮೂರು ಮುಗೀತು ಅಂದ್ರ ಅದ್ರಾಗ ಏನೂ ಅರ್ಥ ಇಲ್ರಿ. ಒಂದು ಪುಸ್ತಕ ಆ ಕಡಿ ಈ ಕಡಿ ಆದ್ರ ಎರಡೂ ಸಮ ಆಕ್ಕಾವ. ಆರಕ್ಕ ಐದು ಮತ್ತ ಆರಕ್ಕ ಒಂದು, ಇಂಥಾ ಫರಕ್ ಕಂಡ್ರ ಮಾತ್ರ ನಂಬ್ರಿ. ಇಲ್ಲಂದ್ರ ಎರಡು ಮೂರು ವರ್ಷದ್ದು ಕೂಡಿಸಿ ನೋಡ್ರಿ. ಮತ್ತ ಗುಂಪು ಜಾಸ್ತಿ ಮಾಡಬ್ಯಾಡ್ರಿ. ಹತ್ತು ಹದಿನೈದು ಟ್ಯಾಗ್ ಹಚ್ಚಿದ್ರ ಒಂದೊಂದ್ರಾಗ ಎರಡೆರಡು ಪುಸ್ತಕ ಕುಂಡ್ರತಾವ, ಅಷ್ಟ.

ಕಾಲಂಕಾರ

ಒಪ್ಪಿದೆ. ಅದಕ್ಕೇ ಐದೇ ಅಕ್ಷರ ಇಟ್ಟಿರೋದು. ಇನ್ನೂ ಕಡಿಮೆ ಬೇಕಂದ್ರೆ ಶಿ ಮತ್ತು ವಿ ಸೇರಿಸಿ "ಹೊರಗಿನ ಮಾತು" ಅಂತ ಒಂದೇ ಮಾಡಿ.

ಒತ್ತಕ್ಷರ

ಪುಟದ ಮೊತ್ತವನ್ನ ನಂಬಬೇಡಿ. ಡೆಮಿ 1/8 ಆಕಾರದ ಪುಸ್ತಕದ ಪುಟವೂ ಕ್ರೌನ್ 1/8 ಪುಟವೂ ಒಂದಲ್ಲ. ಅಕ್ಷರದ ಗಾತ್ರ, ಸಾಲಿನ ಅಂತರ ಎರಡೂ ಬೇರೆ ಇರುತ್ತೆ. ಸಂಭಾಷಣೆ ತುಂಬಿರೋ ಕಾದಂಬರಿಯಲ್ಲಿ ಅರ್ಧ ಪುಟ ಖಾಲಿ. ವೈಚಾರಿಕ ಪುಸ್ತಕದಲ್ಲಿ ಕೊನೆಯ ಟಿಪ್ಪಣಿ, ಗ್ರಂಥಋಣ, ಪದಸೂಚಿ ಅಂತ ಎಷ್ಟೋ ಪುಟ ಹೋಗುತ್ತೆ. ಅವನ್ನ ಓದದೇ ಮೊತ್ತಕ್ಕೆ ಸೇರಿಸ್ತೀವಿ.

ಸ್ವಲ್ಪ ನಿಖರ ಬೇಕಂದ್ರೆ ಹೀಗೆ ಮಾಡಿ. ಪುಸ್ತಕದ ಮೂರು ಬೇರೆ ಬೇರೆ ಕಡೆ ಹತ್ತು ತುಂಬು ಸಾಲು ಆರಿಸಿ, ಪದ ಎಣಿಸಿ, ಸಾಲಿಗೆ ಸರಾಸರಿ ತೆಗೀರಿ. ಕನ್ನಡದಲ್ಲಿ 7 ಬಂತು ಅಂದ್ಕೊಳ್ಳಿ. ಪುಟಕ್ಕೆ 30 ಸಾಲು ಇದ್ರೆ 210 ಪದ. ಮುಖ್ಯ ಪಠ್ಯ 240 ಪುಟ ಇದ್ರೆ 50,400. ಅಧ್ಯಾಯದ ಶುರು, ಖಾಲಿ ಜಾಗ ಅಂತ ಹತ್ತನೇ ಒಂದು ಭಾಗ ಕಳೀರಿ, ಸುಮಾರು 45,000. ಐದು ನಿಮಿಷದ ಕೆಲಸ. ಎಲ್ಲಾ ಪುಸ್ತಕಕ್ಕೂ ಬೇಡ, ದಪ್ಪ ಪುಸ್ತಕಕ್ಕೆ ಮಾಡಿದ್ರೆ ಸಾಕು.

ಮುಂಗಾರು

ಓದೋ ವೇಗಕ್ಕೆ ನಿಮಿಷಕ್ಕೆ 250 ಪದ ಅಂತ ಒಂದು ಲೆಕ್ಕ ಇದೆಯಲ್ಲ. 45,000 ಭಾಗಿಸು 250, ಮೂರು ಗಂಟೆ. ಅಲ್ಲಿಗೆ ವಾರಕ್ಕೆ ಎರಡು ಪುಸ್ತಕ ಆರಾಮಾಗಿ ಮುಗಿಸಬಹುದು.

ಒತ್ತಕ್ಷರ

ಆ ಲೆಕ್ಕ ಇಂಗ್ಲಿಷಿನದ್ದು. 2019ರಲ್ಲಿ ಬ್ರೈಸ್‌ಬಾರ್ಟ್ ಅನ್ನೋ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಇಂಗ್ಲಿಷ್ ಮೌನ ಓದಿಗೆ ಸಿಕ್ಕಿದ್ದು ಕಥೆಯಲ್ಲದ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260. ಕನ್ನಡದಲ್ಲಿ "ಬರಬೇಕಾಗಿತ್ತೆಂದು" ಅನ್ನೋದು ಒಂದೇ ಪದ. ಇಂಗ್ಲಿಷಲ್ಲಿ ಅದಕ್ಕೆ ನಾಲ್ಕೈದು ಪದ ಬೇಕು. ಅಂದಮೇಲೆ ಆ ಸಂಖ್ಯೆ ಇಲ್ಲಿಗೆ ತಂದು ಹಾಕಿದ್ರೆ ಲೆಕ್ಕ ಪೂರ್ತಿ ಕೆಡುತ್ತೆ.

ಅವರವರ ವೇಗ ಅವರವರೇ ಅಳೀಬೇಕು. ಹತ್ತು ನಿಮಿಷ ಟೈಮರ್ ಇಟ್ಟು ಎಂದಿನಂತೆ ಓದಿ, ಎಷ್ಟು ಪುಟ ಆಯ್ತು ನೋಡಿ, ಪುಟದ ಪದಸಂಖ್ಯೆಯಿಂದ ಗುಣಿಸಿ. ಮೊದಲ ಅಧ್ಯಾಯದಲ್ಲಿ ಅಳೀಬೇಡಿ, ಪಾತ್ರಗಳ ಹೆಸರು ಹಿಡಿಯೋದ್ರಲ್ಲೇ ನಿಧಾನ ಆಗುತ್ತೆ. ನಿಮಿಷಕ್ಕೆ 130 ಬಂತು ಅಂದ್ರೆ 45,000 ಪದಕ್ಕೆ ಆರು ಗಂಟೆ ಹತ್ತಿರ. ಮೂರು ಗಂಟೆ ಎಲ್ಲಿ, ಆರು ಎಲ್ಲಿ.

ಕಪಾಟು_ಕೀಲಿ

ಬಿಟ್ಟ ಪುಸ್ತಕಗಳ ವಿಷಯಕ್ಕೆ ಬನ್ನಿ ಮಾರಾಯ್ರೆ, ಅಸಲು ಮಾಹಿತಿ ಇರುವುದೇ ಅಲ್ಲಿ. ಎಲ್ಲರೂ ಮುಗಿಸಿದ್ದನ್ನು ಮಾತ್ರ ಬರೆದಿಡುತ್ತಾರೆ, ಬಿಟ್ಟದ್ದನ್ನು ಪಟ್ಟಿಯಿಂದ ಅಳಿಸಿಬಿಡುತ್ತಾರೆ. ಅಳಿಸಬೇಡಿ. ಎರಡು ವಿಷಯ ಬರೆಯಿರಿ: ಯಾವ ಪುಟದಲ್ಲಿ ನಿಂತಿತು, ಯಾಕೆ ನಿಂತಿತು. ಕಾರಣ ಒಂದೇ ಸಾಲು.

ನಿಂತ ಪುಟವೇ ಅರ್ಧ ಕಥೆ ಹೇಳುತ್ತದೆ.

ಮೊದಲ 30 ಪುಟದೊಳಗೆ ನಿಂತರೆ ಆಯ್ಕೆಯೇ ಸರಿ ಇರಲಿಲ್ಲ. ತಗೊಳ್ಳುವ ಮೊದಲು ನಾಲ್ಕು ಪುಟ ಓದಿ ನೋಡಿದ್ದರೆ ಗೊತ್ತಾಗುತ್ತಿತ್ತು. ಹಾಗೆ ನೋಡುವಾಗ ಮೊದಲ ಪುಟವನ್ನೇ ನೋಡಬೇಡಿ, ಅದನ್ನು ಬರೆದವರು ತಿದ್ದಿ ತಿದ್ದಿ ಇಟ್ಟಿರುತ್ತಾರೆ. ನಡುವಿನ ಎರಡು ಪುಟ ಓದಿ.

ಕಾಲು ಭಾಗದಿಂದ ಅರ್ಧದ ನಡುವೆ ನಿಂತರೆ ಬಹಳ ಸಲ ಪುಸ್ತಕದ ತಪ್ಪಲ್ಲ. ಎರಡು ವಾರ ಬಿಡುವು ಬಿದ್ದಿರುತ್ತದೆ, ಹೆಸರುಗಳೆಲ್ಲ ಮರೆತಿರುತ್ತದೆ, ಮತ್ತೆ ತೆರೆಯಲು ಮನಸ್ಸಾಗುವುದಿಲ್ಲ. ಪಾತ್ರ ಹೆಚ್ಚಿರುವ ಕಾದಂಬರಿಗೆ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ವಂಶವೃಕ್ಷ ಬರೆಯುತ್ತಾ ಹೋದರೆ ಈ ತೊಂದರೆ ಮುಕ್ಕಾಲು ಪಾಲು ಕಡಿಮೆ.

ಮುಕ್ಕಾಲು ಭಾಗದಲ್ಲಿ ನಿಂತರೆ, ಅದೂ ವಿಚಾರದ ಪುಸ್ತಕವಾದರೆ, ಅದು ಬಿಟ್ಟದ್ದೇ ಅಲ್ಲ. ವಾದ ಮುಗಿದಿರುತ್ತದೆ, ಉಳಿದದ್ದು ಉದಾಹರಣೆ. ಕೊನೆಯ ಅಧ್ಯಾಯ ಓದಿ "ಆಯ್ದ ಓದು" ಎಂದು ಗುರುತು ಹಾಕಿ ಮುಚ್ಚಿ. ಇಂಥ ಪುಸ್ತಕಗಳೇ ಹೆಚ್ಚಾಗುತ್ತಿದ್ದರೆ ಮುಂದಿನ ವರ್ಷ ಆ ಜಾತಿಯ ಪುಸ್ತಕವನ್ನು ಪೀಠಿಕೆ, ಕೊನೆಯ ಅಧ್ಯಾಯ, ಆಮೇಲೆ ಬೇಕಾದ ಎರಡು ಮೂರು ಅಧ್ಯಾಯ, ಈ ಕ್ರಮದಲ್ಲಿ ಓದಿ.

ಅರ್ಧಕ್ಕೆ_ಬಿಟ್ಟವ

ಅಂತೂ ನಮ್ಮ ಪಂಗಡಕ್ಕೂ ಒಂದು ಶಾಸ್ತ್ರ ಬಂತು.

ಬಿಡೋಕೆ ನಿಯಮ ಬೇಕಾದ್ರೆ ನ್ಯಾನ್ಸಿ ಪರ್ಲ್ ಅನ್ನೋ ಅಮೆರಿಕದ ಗ್ರಂಥಪಾಲಕಿ ಹೇಳಿದ್ದಿದೆ. 50 ವರ್ಷದವರೆಗಿನವರು 50 ಪುಟ ಓದಿ ತೀರ್ಮಾನ ಮಾಡಿ. 50 ದಾಟಿದವರು 100ರಿಂದ ವಯಸ್ಸು ಕಳೀರಿ, ಉಳಿದಷ್ಟು ಪುಟ. 62 ಆದವರಿಗೆ 38 ಪುಟ ಸಾಕು. ನೂರಾದವರು ರಕ್ಷಾಪುಟ ನೋಡಿಯೇ ಬಿಡಬಹುದು.

ಒತ್ತಕ್ಷರ

ಮತ್ತೆ ಪುಟ! ಯಾವ ಆಕಾರದ ಪುಟ? 120 ಪುಟದ ನೀಳ್ಗತೆಯಲ್ಲಿ 50 ಅಂದ್ರೆ ಹೆಚ್ಚೂಕಮ್ಮಿ ಅರ್ಧ ಮುಗೀತು. 900 ಪುಟದ್ದರಲ್ಲಿ ಇನ್ನೂ ಊರಿನ ವರ್ಣನೆಯೇ ಮುಗಿದಿರಲ್ಲ. ಮುಖ್ಯ ಪಠ್ಯದ ಶೇ. 15 ಅಂತ ಇಟ್ಕೊಳ್ಳೋದು ವಾಸಿ.

ಸೂಚಿಪತ್ರ

"ಬಿಟ್ಟೆ" ಮತ್ತು "ಮುಂದೂಡಿದೆ" ಎರಡನ್ನೂ ಬೇರೆ ಬೇರೆ ಇಡಿ. ಮುಂದೂಡಿದ್ದಕ್ಕೆ ಒಂದು ಷರತ್ತು ಬರೆಯಬೇಕು: ಯಾವುದು ಆದರೆ ಮತ್ತೆ ತೆರೆಯುತ್ತೇನೆ? "ಆ ಕಾಲದ ಇತಿಹಾಸದ ಬಗ್ಗೆ ಒಂದು ಪರಿಚಯ ಪುಸ್ತಕ ಓದಿದ ಮೇಲೆ", "ಬೇರೆ ಅನುವಾದ ಸಿಕ್ಕರೆ", "ದೊಡ್ಡಕ್ಷರದ ಮುದ್ರಣ ಸಿಕ್ಕರೆ". ಷರತ್ತು ಬರೆಯಲು ಆಗದಿದ್ದರೆ ಅದು ಬಿಟ್ಟದ್ದೇ. ನಾಚಿಕೆಗೆ "ಮುಂದೂಡಿದೆ" ಅಂತ ಬರೆದುಕೊಂಡಿರುತ್ತೀರಿ.

ಪುಟಗುರುತು

ಕಪಾಟು_ಕೀಲಿ, ಸೂಚಿಪತ್ರ ಇಬ್ಬರಿಗೂ ಥ್ಯಾಂಕ್ಸ್. ನಿಂತ ಪುಟ ಬರೆಯೋದು ಹೊಳೆದಿರಲಿಲ್ಲ.

ಇನ್ನೊಂದು. ಸ್ಟಾರ್ ಕೊಡೋ ಕಾಲಂ ಸೇರಿಸಬೇಕಾ? ಎಲ್ಲಿ ನೋಡಿದ್ರೂ ಎಲ್ಲರದ್ದೂ ನಾಲ್ಕು ನಾಲ್ಕು ಸ್ಟಾರೇ ಇರುತ್ತೆ.

ಮುಂಗಾರು

ಮುಗಿಸಿದ ದಿನವೇ ಕೊಟ್ರೆ ಹಾಗೇ ಆಗೋದು. ಕೊನೆಯ ಅಧ್ಯಾಯದ ಬಿಸಿ ಇರುತ್ತೆ. ಒಂದು ತಿಂಗಳು ಬಿಟ್ಟು ಕೊಡಿ. 1885ರಲ್ಲಿ ಎಬಿಂಗ್‌ಹೌಸ್ ತೋರಿಸಿದ್ದಾನಲ್ಲ, ಒಂದೇ ದಿನದಲ್ಲಿ ಮೂರರಲ್ಲಿ ಎರಡು ಭಾಗ ಮರೆತು ಹೋಗುತ್ತೆ ಅಂತ. ತಿಂಗಳಾದ ಮೇಲೂ ನೆನಪಿದ್ರೆ ಅದು ಒಳ್ಳೆ ಪುಸ್ತಕ.

ಸೂಚಿಪತ್ರ

ತಿಂಗಳು ಕಾಯುವುದು ಸರಿ, ಕಾರಣ ಸರಿಯಿಲ್ಲ. ಎಬಿಂಗ್‌ಹೌಸ್ ಅಳೆದದ್ದು ಅರ್ಥವೇ ಇಲ್ಲದ ಉಚ್ಚಾರಗಳ ಸಾಲುಗಳನ್ನು, ಅದೂ ತನ್ನ ಮೇಲೇ. ಅದೇ ಸಾಲನ್ನು ಮತ್ತೆ ಕಲಿಯಲು ಎಷ್ಟು ಸಮಯ ಉಳಿಯುತ್ತದೆ ಎಂಬುದು ಅವನ ಅಳತೆ. ಕಥೆಗೆ ಕೊಂಡಿಗಳಿರುತ್ತವೆ, ಹಾಗೆ ಉದುರುವುದಿಲ್ಲ. ಅಲ್ಲಿಂದ ತೆಗೆದುಕೊಳ್ಳಬಹುದಾದ ಪಾಠ ಒಂದೇ: ಮರೆವು ಶುರುವಿನಲ್ಲೇ ಜೋರು. ಆದ್ದರಿಂದ ಟಿಪ್ಪಣಿಯನ್ನು ಮರುದಿನದೊಳಗೆ ಬರೆಯಿರಿ, ತೀರ್ಪನ್ನು ತಿಂಗಳು ಬಿಟ್ಟು ಬರೆಯಿರಿ. ಎರಡು ಬೇರೆ ಕಾಲಂ.

ಸ್ಟಾರಿನ ಬದಲು ಹೌದು/ಇಲ್ಲ ಪ್ರಶ್ನೆ ಮೂರು. ಮತ್ತೆ ಓದುತ್ತೇನಾ? ಇಂಥವರಿಗೆ ಕೊಡಬೇಕು ಅಂತ ಒಬ್ಬರ ಹೆಸರು ಹೊಳೆಯಿತಾ? ಈ ಲೇಖಕರ ಇನ್ನೊಂದು ಪುಸ್ತಕ ಹುಡುಕುತ್ತೇನಾ? ಮುಂದಿನ ಆಯ್ಕೆಗೆ ಉಪಯೋಗ ಆಗುವುದು ಈ ಮೂರನೆಯದು.

ಜವಾರಿ_ಓದು

ಇಷ್ಟೆಲ್ಲಾ ಬ್ಯಾಡ ಅನ್ನೋರಿಗೆ ಇನ್ನೊಂದು ಹಾದಿ ಅದ. ಮುಗಿಸಿದ ಪುಸ್ತಕಾನ ಹಿಂದಿನ ಎಲ್ಲಾ ಪುಸ್ತಕದ ನಡುವ ಒಂದ ಸಾಲಿನ್ಯಾಗ ಕೂಡಸ್ರಿ. ಇದಕ್ಕಿಂತ ಮ್ಯಾಲ, ಅದಕ್ಕಿಂತ ಕೆಳಗ. ಎಲ್ಲಾಕೂ ನಾಲ್ಕು ಸ್ಟಾರ್ ಅನ್ನೋ ಮಾತ ಬರಂಗಿಲ್ಲ. ಕಥಿ ಒಂದು ಸಾಲು, ವಿಚಾರ ಒಂದು ಸಾಲು, ಕವಿತಾ ಒಂದು ಸಾಲು ಇಡ್ರಿ. ಕಲಸಿದ್ರ ಜಗಳ ಹತ್ತತೈತಿ.

ಕಿವಿಗೊಟ್ಟವಳು

ಕೇಳಿದ ಪುಸ್ತಕದ ಲೆಕ್ಕ ಯಾರೂ ಹೇಳಲಿಲ್ಲ. ಇಂಗ್ಲಿಷ್ ಆಡಿಯೋ ಪುಸ್ತಕ ಸಾಮಾನ್ಯವಾಗಿ ನಿಮಿಷಕ್ಕೆ 150 ಪದದ ಆಸುಪಾಸಲ್ಲಿರುತ್ತೆ, ಅಂದ್ರೆ ಗಂಟೆಗೆ 9,000. ಹತ್ತು ಗಂಟೆಯ ಪುಸ್ತಕ ಸುಮಾರು 90,000 ಪದ. ಕನ್ನಡಕ್ಕೆ ಇದು ಕಡಿಮೆ, ಒಂದು ನಿಮಿಷದ ಧ್ವನಿ ಕೇಳಿ ಪದ ಎಣಿಸಿಕೊಳ್ಳಿ.

ತಪ್ಪೋದು ಎರಡು ಕಡೆ. 1.5 ವೇಗದಲ್ಲಿ ಕೇಳಿ, ಕೇಳಿದ ಗಂಟೆಯಿಂದ ಲೆಕ್ಕ ಹಾಕಿದ್ರೆ ಪುಸ್ತಕ ಚಿಕ್ಕದಾಗುತ್ತೆ. ಯಾವಾಗ್ಲೂ ಮೂಲ ಅವಧಿಯನ್ನೇ ಬರೀರಿ. ಮತ್ತೆ, ಅರ್ಧ ಕೇಳಿ ಅರ್ಧ ಓದಿದ್ದನ್ನ ಎರಡು ಸಾಲಲ್ಲಿ ಬರೆದು ಎರಡು ಪುಸ್ತಕ ಮಾಡಬೇಡಿ. ಒಂದು ಸಾಲು, ಸ್ವರೂಪದ ಕಾಲಮ್ಮಲ್ಲಿ "ಎರಡೂ".

ಸಂಕ್ಷಿಪ್ತ ಆವೃತ್ತಿ ಕೇಳಿದ್ರೆ ಅದನ್ನೂ ಬರೀರಿ. ಕಾದಂಬರಿಯ ರೇಡಿಯೋ ರೂಪಾಂತರ ಕೇಳಿದ್ದು ಪುಸ್ತಕ ಓದಿದ್ದಲ್ಲ.

ಬೆನ್ನುಡಿ

ಕೇಳಿದ್ದು ಓದಿದ್ದೇ ಅಲ್ಲ, ನನ್ ಪ್ರಕಾರ.

ಕಿವಿಗೊಟ್ಟವಳು

ಗಮಕ ಕೇಳಿಯೇ ಕಾವ್ಯ ಕಲಿತ ಭಾಷೆಯಲ್ಲಿ ಕೂತು ಈ ಮಾತಾ?

ಬೆನ್ನುಡಿ

ಅದಕ್ಕೆ ಉತ್ತರ ಇಲ್ಲ. ಮುಂದೆ ನಡೀರಿ.

ಕಾಲಂಕಾರ

ಗುಡ್‌ರೀಡ್ಸಲ್ಲಿ ಪಟ್ಟಿ ಇಟ್ಟಿರೋರಿಗೆ ಒಂದು ಮಾತು. ಅಲ್ಲಿಂದ ಸಿಎಸ್‌ವಿ ಫೈಲ್ ಇಳಿಸಿ ನೇರ ಡಬಲ್ ಕ್ಲಿಕ್ ಮಾಡಿ ಎಕ್ಸೆಲಲ್ಲಿ ತೆರೆದ್ರೆ ಕನ್ನಡ ಹೆಸರುಗಳು ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಫೈಲ್ ಹಾಳಾಗಿಲ್ಲ, ಎನ್‌ಕೋಡಿಂಗ್ ತಪ್ಪಾಗಿ ಓದ್ಕೊಂಡಿದೆ. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಲ್ಲಿ "ಫ್ರಮ್ ಟೆಕ್ಸ್ಟ್/ಸಿಎಸ್‌ವಿ" ಆರಿಸಿ, ಫೈಲ್ ಒರಿಜಿನ್ ಅನ್ನೋ ಕಡೆ 65001 ಯುಟಿಎಫ್-8 ಕೊಡಿ. ಲಿಬ್ರೆ ಆಫೀಸ್ ಆದ್ರೆ ತೆರೆಯುವಾಗ ತಾನೇ ಕೇಳುತ್ತೆ. ತಪ್ಪಾಗಿ ತೆರೆದಿದ್ದನ್ನ ಮಾತ್ರ ಸೇವ್ ಮಾಡಬೇಡಿ, ಆಗ ನಿಜವಾಗ್ಲೂ ಹಾಳಾಗುತ್ತೆ.

ಆಮೇಲೆ "ಮುಗಿಸಿದ ದಿನಾಂಕ" ಕಾಲಂ ನೋಡಿ. ದಿನಾಂಕ ಕೊಡದೇ ಬರೀ "ಓದಿದ್ದು" ಕಪಾಟಿಗೆ ಹಾಕಿದ ಪುಸ್ತಕಗಳಿಗೆ ಅದು ಖಾಲಿ ಇರುತ್ತೆ. ವರ್ಷದ ಪ್ರಕಾರ ಸೋಸಿದಾಗ ಅವು ಸದ್ದಿಲ್ಲದೆ ಬಿದ್ದುಹೋಗ್ತಾವೆ. ಮೊದಲು ಖಾಲಿ ಇರೋದನ್ನ ಸೋಸಿ ತುಂಬಿಸಿ. ಎರಡು ಮೂರು ಸಲ ಓದಿದ ಪುಸ್ತಕಕ್ಕೂ ಅಲ್ಲಿ ಒಂದೇ ಸಾಲು, ಒಂದೇ ದಿನಾಂಕ. ಮರು ಓದನ್ನ ಕೈಯಾರೆ ಸೇರಿಸಬೇಕು.

ಒತ್ತಕ್ಷರ

ಕನ್ನಡದ ಪಟ್ಟಿ ಇಟ್ಟೋರಿಗೆ ಇನ್ನೂ ದೊಡ್ಡ ಗುಂಡಿ ಇದೆ. ಒಂದೇ ಲೇಖಕರ ಹೆಸರು ಕಣ್ಣಿಗೆ ಒಂದೇ ಥರ ಕಂಡ್ರೂ ಕೌಂಟ್‌ಇಫ್ ಅನ್ನೋ ಎಣಿಕೆ ಸೂತ್ರ ಎರಡು ಲೆಕ್ಕ ಕೊಡುತ್ತೆ. ಕಾರಣ ನೋಡಿ:

ಕಣ್ಣಿಗೆ ಕಾಣದ ಜೋಡಕ. "ಬುಕ್‌ಮಾರ್ಕ್" ಅಂತ ಬರೆಯುವಾಗ ಕಕಾರದ ಕೆಳಗೆ ಮಕಾರ ಒತ್ತಾಗದೇ ಇರಲಿ ಅಂತ ನಡುವೆ ಒಂದು ಶೂನ್ಯ ಅಗಲದ ಅಕ್ಷರ ಕೂತಿರುತ್ತೆ, ಯೂನಿಕೋಡ್ ಸಂಖ್ಯೆ 8204. ಪದದ ಕೊನೆಗೂ ಕೆಲವು ಕೀಲಿಮಣೆಗಳು ಇದನ್ನ ಸುಮ್ಮನೆ ತುರುಕುತ್ತಾವೆ, ಅಲ್ಲಿ ಕಾಣೋದೇ ಇಲ್ಲ. ಒಂದು ಸಾಲಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ರೆ ಶೀಟಿಗೆ ಅದು ಇಬ್ಬರು ಲೇಖಕರು. ಪಕ್ಕದಲ್ಲಿ ಒಂದು ಸಹಾಯಕ ಕಾಲಂ ಮಾಡಿ, ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಯೂನಿಚಾರ್(8204) ಅನ್ನ ಖಾಲಿಯಿಂದ ಬದಲಿಸಿ. ಹಾಗೇ ಅದರಂಥದ್ದೇ ಕಾಣದ ಇನ್ನೊಂದು ಅಕ್ಷರ 8205 ಕೂಡ. ಎಣಿಕೆಯನ್ನ ಆ ಕಾಲಂ ಮೇಲೆ ಮಾಡಿ. ಮೂಲ ಕಾಲಂ ಮುಟ್ಟಬೇಡಿ, ಜೋಡಕ ತೆಗೆದ್ರೆ ಅಕ್ಷರದ ರೂಪವೇ ಬದಲಾಗುತ್ತೆ.

ಇನಿಷಿಯಲ್ ನಡುವೆ ಒಂದ್ಕಡೆ ಚುಕ್ಕಿ ಮಾತ್ರ, ಇನ್ನೊಂದ್ಕಡೆ ಚುಕ್ಕಿ ಜೊತೆ ಜಾಗ. ಅದನ್ನೂ ಒಂದೇ ಥರ ಮಾಡಿ.

ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ ಪುಟಸಂಖ್ಯೆ ಪಠ್ಯವಾಗಿ ಕೂತುಬಿಡಬಹುದು, ಮೊತ್ತಕ್ಕೆ ಸೇರಲ್ಲ. ಸಂಖ್ಯೆ ಕೋಶದ ಎಡಕ್ಕೆ ಅಂಟಿಕೊಂಡಿದ್ರೆ ಅನುಮಾನ ಪಡಿ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಪಟ್ಟಿ ಇದ್ರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಫಾಂಟ್ ಬದಲಾಯಿಸಿದ್ರೆ ಸಾಲದು.

ಮುಂಗಾರು

ಇದನ್ನೆಲ್ಲ ಓದಿದ ಮೇಲೆ ಒಂದು ನೋಟ್‌ಬುಕ್ಕೇ ವಾಸಿ ಅನ್ನಿಸ್ತಿದೆ.

ಸೂಚಿಪತ್ರ

ನೋಟ್‌ಬುಕ್ಕಿಗೂ ಸೂಚಿ ಬೇಕು, ಇಲ್ಲದಿದ್ದರೆ ಬರೆದದ್ದು ಮತ್ತೆ ಸಿಗುವುದಿಲ್ಲ. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಒಂದು ಪದ್ಧತಿ ಇದೆ. ಮೊದಲ ಎರಡು ಪುಟ ಸೂಚಿಗೆ ಮೀಸಲು. ವಿಷಯದ ಮೊದಲ ಅಕ್ಷರ, ಅದರ ನಂತರದ ಮೊದಲ ಸ್ವರ, ಈ ಎರಡರಿಂದ ಒಂದು ಮನೆ. ಆ ಮನೆಯಲ್ಲಿ ಪುಟಸಂಖ್ಯೆ ಬರೆಯುತ್ತಾ ಹೋಗುವುದು. ಕನ್ನಡಕ್ಕೆ ಇದು ಹೇಳಿ ಮಾಡಿಸಿದಂತಿದೆ, ನಮ್ಮ ಕಾಗುಣಿತವೇ ಆ ಕೋಷ್ಟಕ. "ಬರ" ಬ ಮನೆಗೆ, "ಬೇಟೆ" ಬೇ ಮನೆಗೆ. ಪೂರ್ತಿ ಕಾಗುಣಿತ ಬರೆಯಬೇಡಿ, ಜಾಗ ಸಾಲದು. ಹ್ರಸ್ವ, ದೀರ್ಘ ಒಂದೇ ಮನೆಗೆ ಹಾಕಿ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿಡಿ, ಇದನ್ನು ಬಿಟ್ಟವರ ಸೂಚಿಯೆಲ್ಲ ನಡುವಿನಲ್ಲೇ ನಿಲ್ಲುತ್ತದೆ.

ಜವಾರಿ_ಓದು

ಸೂಚಿಪತ್ರ ಅವರ, ವಿಷಯ ವಿಂಗಡಣಾಕ್ಕ ಗ್ರಂಥಾಲಯದವರ ಡ್ಯೂಯಿ ಪದ್ಧತಿಯ ಹತ್ತು ವರ್ಗ ಬಳಸಿದ್ರ ಆಗೋದಿಲ್ಲೇನ್ರಿ? ಗ್ರಂಥಾಲಯದಾಗ ಹೆಂಗಿದ್ರೂ ಬೆನ್ನಿನ ಮ್ಯಾಲ ಅಂಟಿಸಿರ್ತಾರ.

ಸೂಚಿಪತ್ರ

ಕಪಾಟು ಜೋಡಿಸಲು ಸರಿ, ಸ್ವಂತ ಓದು ಅಳೆಯಲು ಆಗುವುದಿಲ್ಲ. ಸಾಹಿತ್ಯ ಓದುವವರ ಪುಸ್ತಕವೆಲ್ಲ 800ರ ಒಳಗೇ ಬೀಳುತ್ತದೆ. ಕನ್ನಡ ಸಾಹಿತ್ಯ ಪೂರ್ತಿ 894.814. ನಿಮ್ಮ ವರ್ಷ ಅದೊಂದೇ ಸಂಖ್ಯೆಯಲ್ಲಿ ಮುಗಿಯಬಹುದು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿಯ ಯೋಚನೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ: ಒಂದೇ ಗೂಡಿಗೆ ತುರುಕದೆ ಪ್ರತಿ ಪುಸ್ತಕಕ್ಕೆ ಹಲವು ಮುಖ ಕೊಡುವುದು. ಪ್ರಕಾರ, ಮೂಲಭಾಷೆ, ಮೊದಲು ಪ್ರಕಟವಾದ ದಶಕ. ಈ ಮೂರು ಸಾಕು. ದಶಕದ ಕಾಲಂ ಒಂದನ್ನೇ ನೋಡಿದರೂ ಓದು ಎಷ್ಟು ಹೊಸತಕ್ಕೇ ಅಂಟಿಕೊಂಡಿದೆ ಎಂದು ಕಾಣುತ್ತದೆ. ಮರುಮುದ್ರಣದ ವರ್ಷ ಬರೆಯಬೇಡಿ, ಮೊದಲ ಮುದ್ರಣದ್ದು ಬರೆಯಿರಿ. ಅನುವಾದವಾದರೆ ಮೂಲ ಕೃತಿಯದ್ದು.

ಪುಟಗುರುತು

ಸರಿ, ಹಿಂದಿನದ್ದಾಯ್ತು. ಮುಂದಿನ ಪಟ್ಟಿ?

ಕಪಾಟು_ಕೀಲಿ

ಮೊದಲು ಕೈಯಲ್ಲಿ ಎಷ್ಟಿದೆ ನೋಡಿ. ದಿನಕ್ಕೆ 25 ಪುಟ, ವಾರಕ್ಕೆ ಐದು ದಿನ, 50 ವಾರ: 6,250 ಪುಟ. ಇದರಲ್ಲಿ ಶೇ. 70ಕ್ಕೆ ಮಾತ್ರ ಯೋಜನೆ ಹಾಕಿ, 4,375. ಪುಸ್ತಕಕ್ಕೆ 240 ಪುಟ ಎಂದರೆ 18 ಪುಸ್ತಕ. ಉಳಿದ ಶೇ. 30 ಕೈಗೆ ಸಿಕ್ಕಿದ್ದಕ್ಕೆ, ಮರು ಓದಿಗೆ, ಕೈಕೊಟ್ಟ ವಾರಗಳಿಗೆ. ಪೂರ್ತಿ ತುಂಬಿಸಿ ಪಟ್ಟಿ ಮಾಡಿದರೆ ನಾಲ್ಕನೇ ತಿಂಗಳಿಗೇ ಹಿಂದೆ ಬೀಳುತ್ತೀರಿ. ಆಮೇಲೆ ಲೆಕ್ಕ ಸರಿ ಮಾಡಲು ತೆಳ್ಳಗಿನ ಪುಸ್ತಕ ಹುಡುಕಲು ಶುರು. ಸಂಖ್ಯೆಯ ಸವಾಲು ಹಾಕಿಕೊಂಡವರೆಲ್ಲ ನವೆಂಬರಿನಲ್ಲಿ ಮಾಡುವುದು ಅದನ್ನೇ ಅಲ್ಲವಾ.

ಆ 18ನ್ನೂ ಒಟ್ಟಿಗೆ ತೀರ್ಮಾನಿಸಬೇಡಿ. ಒಂದು ಸಲಕ್ಕೆ ಆರು. ಉಳಿದವು ಬೇರೆ ಹಾಳೆಯಲ್ಲಿರಲಿ, ಅದು ಎಷ್ಟುದ್ದ ಬೆಳೆದರೂ ತೊಂದರೆ ಇಲ್ಲ. ಆರರಲ್ಲಿ ಒಂದು ಮುಗಿದರೆ ಮಾತ್ರ ಒಂದು ಒಳಗೆ.

ಆರರ ಒಳಗೆ ತೂಕ ನೋಡಿ: ಭಾರದ್ದು ಒಂದು, ಎರಡು ಬೇಡ. 150 ಪುಟದೊಳಗಿನದ್ದು ಎರಡಾದರೂ ಇರಲಿ. ಭಾರದ್ದರ ಬೆನ್ನಿಗೆ ಇನ್ನೊಂದು ಭಾರದ್ದು ಇಟ್ಟರೆ ಕಾಲಂಕಾರರು ಹೇಳಿದ ಆ "ಕೆಳಗಿನ ಐದರಲ್ಲಿ" ಎರಡೂ ಬರುತ್ತವೆ. 700 ಪುಟದ್ದನ್ನು 175ರ ನಾಲ್ಕು ಭಾಗ ಮಾಡಿ, ಅಧ್ಯಾಯ ಮುಗಿಯುವ ಕಡೆ ಕಾಗದದ ಪಟ್ಟಿ ಸಿಕ್ಕಿಸಿ, ಭಾಗದ ನಡುವೆ ಬೇಕಾದರೆ ತೆಳ್ಳಗಿನದ್ದು ಒಂದು ಓದಿ. ಭಾಗದ ಮಧ್ಯದಲ್ಲಿ ಬೇಡ.

ಕಾಲಂಕಾರ

ಆರು ಕಡಿಮೆ ಆಯ್ತು. ಗ್ರಂಥಾಲಯದಿಂದ ತರೋರಿಗೆ ಬೇಕಾದಾಗ ಬೇಕಾದ್ದು ಸಿಗಲ್ಲ. ಹತ್ತು ಇಟ್ಕೊಂಡು ಸಿಕ್ಕಿದ್ದು ತರೋದು ಸರಿ.

ಕಪಾಟು_ಕೀಲಿ

ಹತ್ತು ಇಟ್ಟರೆ ಹತ್ತರಲ್ಲಿ ಸುಲಭದ್ದೇ ಮೊದಲು ಹೋಗುತ್ತದೆ. ಕೊನೆಗೆ ಉಳಿಯುವ ನಾಲ್ಕು ಯಾವಾಗಲೂ ಆ ಭಾರದವೇ. ಬೇಕಾದರೆ ಬರೆದಿಡಿ.

ಕಾಲಂಕಾರ

ಬರೆದಿಡೋಕೆ ಕಾಲಂ ಇದೆ 😄

ಸೂಚಿಪತ್ರ

ಆರಿಸುವುದು ಎಲ್ಲಿಂದ ಎಂದು ಯಾರೂ ಹೇಳಲಿಲ್ಲ. ಕಳೆದ ವರ್ಷ "ಹೌದು" ಬಿದ್ದ ಮೂರು ನಾಲ್ಕು ಪುಸ್ತಕ ತೆಗೆದು ಅವುಗಳ ಮುನ್ನುಡಿ, ಟಿಪ್ಪಣಿ, ಗ್ರಂಥಋಣ ನೋಡಿ. ಎರಡು ಬೇರೆ ಬೇರೆ ಪುಸ್ತಕದಲ್ಲಿ ಒಂದೇ ಶೀರ್ಷಿಕೆ ಕಂಡರೆ ಅದು ಆರರೊಳಗೆ. ಒಂದರಲ್ಲಿ ಮಾತ್ರ ಕಂಡರೆ ಉದ್ದ ಹಾಳೆಗೆ. ಅನುವಾದವಾದರೆ ಹಕ್ಕುಪುಟ ತೆಗೆದು ನೋಡಿ, ಮೂಲದಿಂದ ನೇರ ಬಂದದ್ದಾ ಇಂಗ್ಲಿಷ್ ಮೂಲಕ ಬಂದದ್ದಾ ಎಂದು. ಎರಡು ಅನುವಾದ ಸಿಗುವಂತಿದ್ದರೆ ಸಂಭಾಷಣೆ ಇರುವ ಒಂದೇ ಪುಟವನ್ನು ಎರಡರಲ್ಲೂ ಓದಿ. ವರ್ಣನೆಯಲ್ಲಿ ಮುಚ್ಚಿಹೋಗುವ ಕೃತಕತೆ ಮಾತಿನಲ್ಲಿ ಸಿಕ್ಕಿಬೀಳುತ್ತದೆ.

ಜವಾರಿ_ಓದು

ಉದ್ದ ಹಾಳಿನ್ಯಾಗ ಹೆಸರಿನ ಮುಂದ ಸೇರಿಸಿದ ತಿಂಗಳು ಬರೀರಿ. ಎರಡು ವರ್ಷ ಆದ್ರೂ ಆರರಾಗ ಬರಲಿಲ್ಲಂದ್ರ ಹೊಡದು ಹಾಕ್ರಿ. ಬೇಕಾಗಿದ್ರ ಅದು ತಾನ ಮತ್ತ ಬರತೈತಿ.

ಪುಟಗುರುತು

ಕೊನೇದು ಒಂದು. ಕಥಾಸಂಕಲನ, ಕವನ ಸಂಕಲನ ಇವುಗಳನ್ನ ಆರರಲ್ಲಿ ಒಂದು ಅಂತ ಇಟ್ಕೊಂಡ್ರೆ ಅವು ಮುಗಿಯೋದೇ ಇಲ್ಲವಲ್ಲ?

ಕಿವಿಗೊಟ್ಟವಳು

ಅವು ಆರರ ಹೊರಗಿರಲಿ. ಒಂದು ಸಂಕಲನ ಯಾವಾಗ್ಲೂ ತೆರೆದೇ ಇರಲಿ, ದಿನಕ್ಕೆ ಒಂದು ಕಥೆ ಅಥವಾ ಎರಡು ಕವನ. ಒಂದೇ ಸಲ ಐದು ಕಥೆ ಓದಿದ್ರೆ ಮೂರನೆಯದರ ಹೊತ್ತಿಗೆ ಮೊದಲನೆಯದರ ಪಾತ್ರ ಎರಡನೆಯದಕ್ಕೆ ನುಗ್ಗಿರುತ್ತೆ. ಪರಿವಿಡಿಯಲ್ಲೇ ಓದಿದ್ದಕ್ಕೆ ಪೆನ್ಸಿಲ್ ಗುರುತು ಹಾಕಿ, ಹಿಡಿಸಿದ್ದಕ್ಕೆ ಎರಡು ಗುರುತು. ಶೀಟಿಗೆ ಹೋಗೋದು ಪೂರ್ತಿ ಆದ ದಿನ. ಕವನಕ್ಕೆ ಪುಟದ ಕಾಲಂ ಖಾಲಿ ಬಿಡಿ, ಇಲ್ಲಾಂದ್ರೆ ದಿನಕ್ಕೆ ನಾಲ್ಕು ಪುಟ ಅಂತ ಬಂದು ಕಾಲಂಕಾರರ "ಕೆಳಗಿನ ಐದು" ಪೂರ್ತಿ ಕವಿಗಳೇ ಆಗ್ತಾರೆ.

ಅರ್ಧಕ್ಕೆ_ಬಿಟ್ಟವ

ಸಂಕಲನದಲ್ಲಿ ಮೂರು ಕಥೆ ಓದಿ ಬಿಟ್ರೆ ಅದು ಬಿಟ್ಟಿದ್ದಾ, ಆಯ್ದ ಓದಾ?

ಸೂಚಿಪತ್ರ

ಷರತ್ತು ಬರೆಯಿರಿ, ಹೇಳುತ್ತೇನೆ.